ಕ್ಲೆಮೆನ್ಸ್ ವಿಂಕ್ಲರ್

ಕ್ಲೆಮೆನ್ಸ್ ಅಲೆಕ್ಸಾಂಡರ್ ವಿಂಕ್ಲರ್ (26 ಡಿಸೆಂಬರ್ 1838 – 8 ಅಕ್ಟೋಬರ್ 1904) ಜರ್ಮನಿಯ ರಸಾಯನವಿಜ್ಞಾನಿ. 1886ರಲ್ಲಿ ಜರ್ಮೇನಿಯಮ್ ಧಾತುವನ್ನು ಕಂಡುಹಿಡಿದವನೆಂದು ಪ್ರಸಿದ್ಧ. ಸ್ಯಾಕ್ಸನಿ ಪ್ರಾಂತ್ಯದ ಬೆಳ್ಳಿ ಗಣಿಯೊಂದರಲ್ಲಿ ದೊರೆತ ಆರ್ಜಿರೊಡೈಟ್ ಎಂಬ ವಿರಳ ಖನಿಜವನ್ನು ವಿಶ್ಲೇಷಿಸುವಾಗ, ಅದರ ಘಟಕಗಳ ಮೊತ್ತದಲ್ಲಿ ಪ್ರತಿಬಾರಿಯೂ ಸುಮಾರು ಶೇಕಡ 7ರಷ್ಟು ಕೊರತೆ ಕಾಣುತ್ತಿದ್ದುದನ್ನು ಈತ ಗಮನಿಸಿದ. ಆ ಕೊರತೆಯ ಕಾರಣವನ್ನು ಹುಡುಕುತ್ತ ಹೋದಾಗ ಹೊಸ ಧಾತು ದೊರೆಯಿತು. ಇದರಿಂದ ದ್ಮಿತ್ರಿ ಮೆಂಡಲೀವ್ ಹದಿನೈದು ವರ್ಷಗಳ ಹಿಂದೆ ಮಾಡಿದ್ದ ಮುನ್ಸೂಚನೆಯೊಂದು ನಿಜವಾಯಿತು. ಅನಿಲಗಳ ವಿಶ್ಲೇಷಣೆ ಮತ್ತು ಗಂಧಕಾಮ್ಲದ ತಯಾರಿಕೆಯಲ್ಲಿಯೂ ವಿಂಕ್ಲರ್‌ನ ಕೊಡುಗೆ ಗಣನೀಯವಾದುದು.

ಜನನ ಮತ್ತು ಶಿಕ್ಷಣ

ವಿಂಕ್ಲರ್ ಹುಟ್ಟಿದ್ದು ಸ್ಯಾಕ್ಸನಿಯ ಫ್ರೈಬರ್ಗ್ ನಗರದಲ್ಲಿ. ತಂದೆ ಕುರ್ಟ್ ಅಲೆಕ್ಸಾಂಡರ್ ವಿಂಕ್ಲರ್ ರಸಾಯನವಿಜ್ಞಾನಿ ಮತ್ತು ಲೋಹತಜ್ಞ. ಸ್ವೀಡನ್ನಿನ ಪ್ರಸಿದ್ಧ ರಸಾಯನವಿಜ್ಞಾನಿ ಬರ್ಜೀಲಿಯಸ್‌ನ ಶಿಷ್ಯ. ಹೀಗಾಗಿ ಅದಿರು, ಕುಲುಮೆ, ತಕ್ಕಡಿಗಳ ಪರಿಚಯ ವಿಂಕ್ಲರ್‌ಗೆ ಬಾಲ್ಯದಿಂದಲೇ ಇತ್ತು. ಫ್ರೈಬರ್ಗ್, ಡ್ರೆಸ್ಡೆನ್ ಮತ್ತು ಕೆಮ್ನಿಟ್ಸ್‌ಗಳಲ್ಲಿ ಶಾಲಾ ಶಿಕ್ಷಣ ಪಡೆದು 1857ರಲ್ಲಿ ಫ್ರೈಬರ್ಗ್‌ನ ಗಣಿ ವಿದ್ಯಾಲಯವನ್ನು ಸೇರಿದ. ಅಲ್ಲಿಗೆ ಬರುವ ವೇಳೆಗಾಗಲೇ ರಾಸಾಯನಿಕ ವಿಶ್ಲೇಷಣೆಯಲ್ಲಿ ಈತನಿಗಿದ್ದ ಪರಿಣತಿ ತರಗತಿಯ ಪಾಠಗಳ ಮಟ್ಟವನ್ನು ಮೀರಿತ್ತು.

ಫ್ರೈಬರ್ಗ್ ಹನ್ನೆರಡನೆಯ ಶತಮಾನದಿಂದಲೂ ಬೆಳ್ಳಿಗೆ ಹೆಸರಾದ ಊರು. 1765ರಲ್ಲಿ ಅಲ್ಲಿ ಸ್ಥಾಪಿತವಾದ ಗಣಿ ವಿದ್ಯಾಲಯದಲ್ಲಿ ಅಬ್ರಹಾಂ ಗಾಟ್‌ಲಾಬ್ ವರ್ನರ್ ದೀರ್ಘಕಾಲ ಬೋಧಿಸಿದ್ದ. ಖನಿಜಗಳನ್ನು ಅವುಗಳ ಬಣ್ಣ, ಹೊಳಪು, ಗಡಸುತನ, ತೂಕ, ಮುರಿದಾಗ ಕಾಣುವ ಮೇಲ್ಮೈ ಮುಂತಾದ ಬಾಹ್ಯ ಲಕ್ಷಣಗಳಿಂದಲೇ ಕ್ರಮಬದ್ಧವಾಗಿ ಗುರುತಿಸುವ ವಿಧಾನವನ್ನು ರೂಪಿಸಿದವನು ಈ ವರ್ನರ್. ಖನಿಜದ ಚೂರನ್ನು ಇದ್ದಿಲಿನ ಮೇಲಿಟ್ಟು ಊದುಕೊಳವೆಯಿಂದ ಜ್ವಾಲೆಯನ್ನು ಹಾಯಿಸಿ, ಅದರಲ್ಲಿರುವ ಲೋಹಗಳನ್ನು ಕಂಡುಕೊಳ್ಳುವ ಪರೀಕ್ಷೆಯೂ ಇದೇ ವಿದ್ಯಾಲಯದಲ್ಲಿ ಉನ್ನತ ಮಟ್ಟ ತಲುಪಿತ್ತು. 1863ರಲ್ಲಿ ಇಲ್ಲಿಯ ಫರ್ಡಿನೆಂಡ್ ರೈಖ್ ಮತ್ತು ಥಿಯೋಡೋರ್ ರಿಕ್ಟರ್ ಸತುವಿನ ಅದಿರಿನಲ್ಲಿ ಇಂಡಿಯಮ್ ಧಾತುವನ್ನು ಕಂಡುಹಿಡಿದರು. ಈ ಹೊಸ ಧಾತುವಿನ ಗುಣಗಳನ್ನು ತಿಳಿಯುವ ಕಾರ್ಯದಲ್ಲಿ ವಿಂಕ್ಲರ್ ಕೂಡ ಪಾಲ್ಗೊಂಡಿದ್ದ.

ನೀಲಿಬಣ್ಣದ ಕಾರ್ಖಾನೆಗಳಲ್ಲಿ

ವಿದ್ಯಾಭ್ಯಾಸದ ಅನಂತರ ವಿಂಕ್ಲರ್ ಸ್ಯಾಕ್ಸನಿಯ ನೀಲಿಬಣ್ಣದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ. ಕೋಬಾಲ್ಟ್ ಅದಿರನ್ನು ಹುರಿದು, ಮರಳು ಮತ್ತು ಪೊಟ್ಯಾಷ್‌ನೊಂದಿಗೆ ಕರಗಿಸಿ, ಬರುವ ಕಡುನೀಲಿ ಗಾಜನ್ನು ಪುಡಿಮಾಡಿ ಬಣ್ಣವಾಗಿ ಮಾರುವುದು ಈ ಕಾರ್ಖಾನೆಗಳ ಉದ್ಯಮ. ಪಿಂಗಾಣಿ ಪಾತ್ರೆಗಳಿಗೆ ಈ ಬಣ್ಣವನ್ನು ಬಳಸುತ್ತಿದ್ದರು. ಕೋಬಾಲ್ಟ್, ನಿಕ್ಕಲ್, ಆರ್ಸೆನಿಕ್, ಬಿಸ್ಮತ್‌ಗಳು ಒಂದರೊಡನೊಂದು ಬೆರೆತ ಅದಿರುಗಳನ್ನು ಪ್ರತಿದಿನ ಬೇರ್ಪಡಿಸಿ ಅಳೆಯಬೇಕಾಗಿದ್ದ ಈ ಕೆಲಸ ವಿಂಕ್ಲರ್‌ನ ಕೈಗೆ ಮುಂದಿನ ಸಂಶೋಧನೆಗೆ ಬೇಕಾದ ಪಳಗುವಿಕೆಯನ್ನು ನೀಡಿತು. ಕಾರ್ಖಾನೆಯಲ್ಲಿದ್ದುಕೊಂಡೇ 1864ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. ಅದಿರು ಹುರಿಯುವಾಗ ಹೊಮ್ಮುವ ಹೊಗೆಯಲ್ಲಿ ಯಾವ ಅನಿಲ ಎಷ್ಟಿದೆ ಎಂದು ತಿಳಿಯಬೇಕಾದ ಅಗತ್ಯವೂ ಈತನನ್ನು ಅನಿಲ ವಿಶ್ಲೇಷಣೆಯ ಕಡೆಗೆ ಸೆಳೆಯಿತು.

1873ರಲ್ಲಿ ವಿಂಕ್ಲರ್ ತಾನು ಓದಿದ ಫ್ರೈಬರ್ಗ್ ಗಣಿ ವಿದ್ಯಾಲಯದಲ್ಲೇ ರಾಸಾಯನಿಕ ತಂತ್ರಜ್ಞಾನ ಮತ್ತು ವಿಶ್ಲೇಷಣಾತ್ಮಕ ರಸಾಯನವಿಜ್ಞಾನದ ಪ್ರಾಧ್ಯಾಪಕನಾಗಿ ನೇಮಕಗೊಂಡ.

ಹಿಮ್ಮೆಲ್ಸ್‌ಫ್ಯೂರ್ಸ್ಟ್ ಗಣಿಯ ಖನಿಜ

ಫ್ರೈಬರ್ಗ್‌ನ ದಕ್ಷಿಣಕ್ಕೆ ಬ್ರಾಂಡ್ ಎಂಬ ಊರಿನ ಬಳಿ ಹಿಮ್ಮೆಲ್ಸ್‌ಫ್ಯೂರ್ಸ್ಟ್ ಎಂಬ ಬೆಳ್ಳಿ ಗಣಿಯಿತ್ತು. ಈ ಹೆಸರಿಗೆ ಸ್ವರ್ಗದ ಅರಸ ಎಂದು ಅರ್ಥ. 1885ರಲ್ಲಿ ಈ ಗಣಿಯ ಅದಿರಿನ ಸಿರೆಯೊಂದರಲ್ಲಿ ಅದುವರೆಗೆ ಪರಿಚಯವಿಲ್ಲದ ಖನಿಜವೊಂದು ಕಂಡುಬಂದಿತು. ಅದು ಗಣಿ ವಿದ್ಯಾಲಯದ ಖನಿಜವಿಜ್ಞಾನ ಪ್ರಾಧ್ಯಾಪಕ ಆಲ್ಬಿನ್ ವೈಸ್‌ಬಾಖ್‌ನ ಕೈಸೇರಿತು. ಬಾಹ್ಯ ಲಕ್ಷಣಗಳನ್ನು ಪರಿಶೀಲಿಸಿ ಇದು ಹೊಸ ಖನಿಜವೆಂದು ತೀರ್ಮಾನಿಸಿದ ವೈಸ್‌ಬಾಖ್, ಬೆಳ್ಳಿಯನ್ನು ಒಳಗೊಂಡದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆರ್ಜಿರೊಡೈಟ್ ಎಂದು ಹೆಸರಿಟ್ಟ.

ಆರ್ಜಿರೊಡೈಟ್ ಲೋಹದ ಹೊಳಪುಳ್ಳ ಖನಿಜ. ಹೊಸದಾಗಿ ಮುರಿದ ಮೇಲ್ಮೈ ಉಕ್ಕಿನಂತೆ ಬೂದುಬಣ್ಣವಾಗಿದ್ದು, ಅದರಲ್ಲಿ ನಸುಗೆಂಪು ಛಾಯೆ ಇರುತ್ತದೆ. ಗಾಳಿಗೆ ತೆರೆದಿಟ್ಟರೆ ಕ್ರಮೇಣ ಮಂಕಾಗಿ ಕಪ್ಪಾಗುತ್ತದೆ. ಹೊಳಪಿಲ್ಲದ ಪಿಂಗಾಣಿಯ ತುಂಡಿನ ಮೇಲೆ ಉಜ್ಜಿದರೆ ಬೂದುಗಪ್ಪು ಗೀರು ಬೀಳುತ್ತದೆ. ಮೋಸ್ ಮಾಪಕದಲ್ಲಿ ಇದರ ಗಡಸುತನ ಸುಮಾರು 2.5, ಎಂದರೆ ಬೆರಳುಗುರಿಗಿಂತ ಹೆಚ್ಚು ಗಟ್ಟಿಯಲ್ಲ, ತಾಮ್ರದ ನಾಣ್ಯದಿಂದ ಗೀರಬಹುದು. ಸಾಪೇಕ್ಷ ಸಾಂದ್ರತೆ ಸುಮಾರು 6.2ರಿಂದ 6.3. ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುತ್ತದೆ. ನಿರ್ದಿಷ್ಟ ದಿಕ್ಕಿನಲ್ಲಿ ಸೀಳುವುದಿಲ್ಲ. ಹರಳುಗಳು ಸಾಮಾನ್ಯವಾಗಿ ತೀರ ಚಿಕ್ಕವು.

ಗುರುತಿಸುವಲ್ಲಿನ ತೊಡಕು

ಬೆಳ್ಳಿಯ ಗಣಿಯಲ್ಲಿ ಕೆಲಸ ಮಾಡುವವರಿಗೆ ಈ ಲಕ್ಷಣಗಳಲ್ಲಿ ಯಾವುದೂ ಹೊಸದಲ್ಲ. ಬೆಳ್ಳಿಯು ಆಂಟಿಮನಿ ಅಥವಾ ಆರ್ಸೆನಿಕ್ ಮತ್ತು ಗಂಧಕಗಳೊಡನೆ ಸೇರಿ ಉಂಟಾಗುವ ಖನಿಜಗಳಿಗೆ ಸಲ್ಫೋಸಾಲ್ಟ್‌ಗಳೆಂದು ಹೆಸರು. ಆರ್ಜಿರೊಡೈಟನ್ನೂ ಸಾಂಪ್ರದಾಯಿಕವಾಗಿ ಇವುಗಳ ಜೊತೆಗೇ ಸೇರಿಸಲಾಗಿದೆ. ಈ ಗುಂಪಿನ ಸ್ಟೆಫನೈಟ್ ಮತ್ತು ಪಾಲಿಬೇಸೈಟ್ ಫ್ರೈಬರ್ಗ್ ಗಣಿಗಳಲ್ಲಿ ಹಿಂದಿನಿಂದಲೂ ದೊರೆಯುತ್ತಿದ್ದವು. ಅವೂ ಕಪ್ಪು ಅಥವಾ ಕಪ್ಪುಮಿಶ್ರಿತ ಬೂದುಬಣ್ಣದವು, ಲೋಹದಂತೆ ಹೊಳೆಯುವವು, ಮೃದುವಾದವು. ಅವುಗಳ ಸಾಂದ್ರತೆಯೂ ಆರ್ಜಿರೊಡೈಟ್‌ನ ಸಾಂದ್ರತೆಗೆ ಬಹಳ ಹತ್ತಿರದ್ದು. ಆದ್ದರಿಂದ ಕೈಯಲ್ಲಿ ತೂಗಿ ನೋಡಿಯಾಗಲಿ ಗೀರಿ ನೋಡಿಯಾಗಲಿ ಇವನ್ನು ಪ್ರತ್ಯೇಕಿಸುವುದು ಕಷ್ಟ.

ಕೆಲವು ಸೂಕ್ಷ್ಮ ಭೇದಗಳು ಮಾತ್ರ ನೆರವಾಗುತ್ತವೆ. ಬೆಳ್ಳಿಯ ಸರಳ ಸಲ್ಫೈಡ್ ಆದ ಅಕಾಂಥೈಟ್ ಇನ್ನೂ ಭಾರವಾದದ್ದು. ಸೀಸದಂತೆ ಚಾಕುವಿನಿಂದ ಕತ್ತರಿಸಬಹುದಾದದ್ದು. ಆರ್ಜಿರೊಡೈಟ್ ಹಾಗೆ ಕತ್ತರಿಸಿದರೆ ಒಡೆಯುತ್ತದೆ. ಪಾಲಿಬೇಸೈಟ್ ಆರು ಮೂಲೆಗಳ ತೆಳುವಾದ ಬಿಲ್ಲೆಗಳಾಗಿ ಬೆಳೆಯುತ್ತದೆ. ಬೆಳಕಿಗೆ ಹಿಡಿದರೆ ಅದರ ತೆಳು ಅಂಚುಗಳಲ್ಲಿ ಕಡುಗೆಂಪು ಕಾಣುತ್ತದೆ. ಟೆಟ್ರಹೆಡ್ರೈಟ್ ಇವೆಲ್ಲಕ್ಕಿಂತ ಗಟ್ಟಿ. ಊದುಕೊಳವೆಯ ಜ್ವಾಲೆಯಲ್ಲಿ ಸ್ಟೆಫನೈಟ್ ಮತ್ತು ಪಾಲಿಬೇಸೈಟ್‌ಗಳು ಆಂಟಿಮನಿಯ ಬಿಳಿಯ ಲೇಪವನ್ನು ಇದ್ದಿಲಿನ ಮೇಲೆ ಬಿಡುತ್ತವೆ. ಇಷ್ಟನ್ನೆಲ್ಲ ಪರೀಕ್ಷಿಸಿದ ಬಳಿಕವೂ ಗಣಿಯ ಬಾಯಲ್ಲಿ ನಿಂತವನು ಹೇಳಬಹುದಾದದ್ದು ಇದು ಯಾವ ಖನಿಜ ಅಲ್ಲ ಎಂಬುದನ್ನು ಮಾತ್ರ. ಯಾವುದು ಎಂಬುದನ್ನು ಹೇಳಲು ಪ್ರಯೋಗಾಲಯವೇ ಬೇಕಾಗುತ್ತದೆ.

ವೈಸ್‌ಬಾಖ್‌ಗೆ ಎದುರಾದದ್ದೂ ಇದೇ ಪರಿಸ್ಥಿತಿ. ಇಂಡಿಯಮ್ ಶೋಧದಲ್ಲಿ ಪಾಲ್ಗೊಂಡಿದ್ದ ರಿಕ್ಟರ್ ಊದುಕೊಳವೆಯಿಂದ ಪರೀಕ್ಷಿಸಿದಾಗ ಹೊಸ ಖನಿಜದಲ್ಲಿ ಬೆಳ್ಳಿ ಮತ್ತು ಗಂಧಕ ಇರುವುದು ತಿಳಿಯಿತು. ಜೊತೆಗೆ ಅಲ್ಪ ಪ್ರಮಾಣದ ಪಾದರಸವೂ ಕಂಡಿತು. ಫ್ರೈಬರ್ಗ್‌ನ ಅದಿರುಗಳಲ್ಲಿ ಪಾದರಸ ನಿರೀಕ್ಷಿತವಲ್ಲದ ಲೋಹ. ಆದಕಾರಣ ಖನಿಜದ ಪೂರ್ಣ ವಿಶ್ಲೇಷಣೆ ಅಗತ್ಯವೆನಿಸಿ ಆ ಕಾರ್ಯ ವಿಂಕ್ಲರ್‌ಗೆ ಬಂದಿತು.

ಶೇಕಡ 7ರ ಕೊರತೆ

ವಿಂಕ್ಲರ್‌ನ ವಿಶ್ಲೇಷಣೆಯಲ್ಲಿ ಖನಿಜದ ಮುಕ್ಕಾಲು ಪಾಲಿನಷ್ಟು ಬೆಳ್ಳಿ ಮತ್ತು ಶೇಕಡ 17ರಷ್ಟು ಗಂಧಕ ದೊರೆತವು. ಕಬ್ಬಿಣ, ಸತು, ಪಾದರಸಗಳೆಲ್ಲವೂ ಸೇರಿ ಶೇಕಡ 1ರ ಆಸುಪಾಸಿನಲ್ಲಿದ್ದವು. ಎಲ್ಲವನ್ನೂ ಕೂಡಿದರೆ ಮೊತ್ತ ಸುಮಾರು 93 ಆಗುತ್ತಿತ್ತು. ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಿದರೂ ಉಳಿದ ಶೇಕಡ 7 ಲೆಕ್ಕಕ್ಕೆ ಸಿಗಲಿಲ್ಲ.

ಇಂಥ ಕೊರತೆಯನ್ನು ಪ್ರಯೋಗದ ದೋಷವೆಂದು ಬಿಟ್ಟುಬಿಡಲು ಅವಕಾಶವಿತ್ತು. ಖನಿಜ ಹೊಸದೆಂಬುದು ಆಗಲೇ ಸಿದ್ಧವಾಗಿತ್ತು. ಅದು ಬೆಳ್ಳಿಯ ಅದಿರೆಂಬುದೂ ಖಚಿತವಾಗಿತ್ತು. ಆದರೆ ತಪ್ಪು ತೂಕದಿಂದ ಬಂದ ವ್ಯತ್ಯಾಸ ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಕಾಣಬೇಕು. ಇಲ್ಲಿ ಕೊರತೆ ಪ್ರತಿಸಾರಿಯೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇತ್ತು. ಅಂದಿನ ವಿಶ್ಲೇಷಣಾ ಕ್ರಮದಲ್ಲಿ ಎಲ್ಲಿಯೂ ಒತ್ತರಿಸದೆ ಕಣ್ಣುತಪ್ಪಿಸಿ ಹೋಗುವ ಧಾತುವೊಂದು ಖನಿಜದಲ್ಲಿದೆ ಎಂದು ವಿಂಕ್ಲರ್ ನಿರ್ಧರಿಸಿದ.

ಅದನ್ನು ಹಿಡಿಯುವುದು ಸುಲಭವಾಗಿರಲಿಲ್ಲ. ಪುಡಿಮಾಡಿದ ಖನಿಜವನ್ನು ಸೋಡ ಮತ್ತು ಗಂಧಕದೊಂದಿಗೆ ಕರಗಿಸಿ ನೀರಿನಲ್ಲಿ ಕದಡಿದರೆ ಬೆಳ್ಳಿಯ ಸಲ್ಫೈಡ್ ಕರಗದೆ ಉಳಿಯುತ್ತದೆ. ಆರ್ಸೆನಿಕ್, ಆಂಟಿಮನಿಗಳಂಥ ಧಾತುಗಳು ದ್ರಾವಣಕ್ಕೆ ಇಳಿಯುತ್ತವೆ. ಆ ದ್ರಾವಣಕ್ಕೆ ಆಮ್ಲ ಸೇರಿಸಿದಾಗ ಇವುಗಳ ಸಲ್ಫೈಡ್‌ಗಳು ಗಂಧಕದೊಡನೆ ಕೆಳಗೆ ಒತ್ತರಿಸುತ್ತವೆ. ಹೊಸ ಧಾತು ಆಂಟಿಮನಿಯ ಸಂಬಂಧಿಯಿರಬೇಕೆಂದು ಊಹಿಸಿದ್ದ ವಿಂಕ್ಲರ್ ಅದನ್ನು ಈ ಒತ್ತರದಲ್ಲೇ ಹುಡುಕುತ್ತಿದ್ದ. ಅಲ್ಲಿ ಅದು ಇರಲಿಲ್ಲ. ಹೀಗೆ ತಿಂಗಳುಗಳೇ ಕಳೆದವು.

ಕೊನೆಗೆ ಒತ್ತರವನ್ನು ಸೋಸಿ ತೆಗೆದ ಬಳಿಕ ಉಳಿದ ತಿಳಿದ್ರಾವಣಕ್ಕೆ ವಿಂಕ್ಲರ್ ಪ್ರಬಲ ಹೈಡ್ರೊಕ್ಲೋರಿಕ್ ಆಮ್ಲವನ್ನು ಧಾರಾಳವಾಗಿ ಸುರಿದ. ಕೂಡಲೇ ಬಿಳಿಯ ಒತ್ತರವೊಂದು ಹೇರಳವಾಗಿ ಕಾಣಿಸಿಕೊಂಡಿತು. ಅದು ಹೊಸ ಧಾತುವಿನ ಸಲ್ಫೈಡ್. ಈ ಸಲ್ಫೈಡ್ ನೀರಿನಲ್ಲೂ ದುರ್ಬಲ ಆಮ್ಲದಲ್ಲೂ ಕರಗುವಂಥದ್ದು. ಪ್ರಬಲ ಆಮ್ಲ ಯಥೇಚ್ಛವಾಗಿದ್ದಾಗ ಮಾತ್ರ ಕರಗದೆ ಉಳಿಯುವಂಥದ್ದು. ಒತ್ತರಗಳನ್ನು ಶುದ್ಧಗೊಳಿಸಲು ಎಚ್ಚರಿಕೆಯಿಂದ ತೊಳೆಯುವುದು ಉತ್ತಮ ವಿಶ್ಲೇಷಕನ ಅಭ್ಯಾಸ. ಹಿಂದಿನ ಪ್ರಯೋಗಗಳಲ್ಲಿ ಹುಡುಕುತ್ತಿದ್ದ ವಸ್ತು ಸೋಸಿದ ನೀರಿನೊಂದಿಗೇ ಹೊರಟುಹೋಗುತ್ತಿತ್ತು. ಸಲ್ಫೈಡನ್ನು ಹೈಡ್ರೊಜನ್ ಪ್ರವಾಹದಲ್ಲಿ ಕಾಯಿಸಿದಾಗ ಬೂದುಬಣ್ಣದ ಧಾತು ದೊರೆಯಿತು. ಇದು ನಡೆದದ್ದು 1886ರ ಫೆಬ್ರವರಿ 6ರಂದು.

ಹೆಸರು ಮತ್ತು ಸ್ಥಾನದ ಪ್ರಶ್ನೆ

ನೆಪ್ಚೂನ್ ಗ್ರಹ ದೂರದರ್ಶಕಕ್ಕೆ ಕಾಣುವ ಮೊದಲೇ ಗಣಿತದ ಲೆಕ್ಕದಿಂದ ಅದರ ಇರವು ಗೊತ್ತಾಗಿತ್ತು. ತನ್ನ ಧಾತುವಿನ ಸಂಗತಿಯೂ ಅಂಥದ್ದೇ ಎಂದು ಭಾವಿಸಿ ವಿಂಕ್ಲರ್ ಮೊದಲು ನೆಪ್ಚೂನಿಯಮ್ ಎಂಬ ಹೆಸರನ್ನು ಆಲೋಚಿಸಿದ. ಆ ಹೆಸರನ್ನು ಬೇರೊಂದು ಧಾತುವೆಂದು ಹೇಳಲಾದ ವಸ್ತುವಿಗೆ ಆಗಲೇ ಬಳಸಿದ್ದುದರಿಂದ ತನ್ನ ದೇಶದ ಲ್ಯಾಟಿನ್ ಹೆಸರಿನಿಂದ ಜರ್ಮೇನಿಯಮ್ ಎಂದು ಕರೆದ. ನೆಪ್ಚೂನಿಯಮ್ ಎಂಬ ಹೆಸರು 1940ರಲ್ಲಿ ದೊರೆತ 93ನೆಯ ಧಾತುವಿಗೆ ಸಂದಿತು. ಧಾತುವಿಗೆ ದೇಶದ ಹೆಸರಿಟ್ಟದ್ದಕ್ಕೆ ಆಕ್ಷೇಪಗಳು ಬಂದರೂ, ಗ್ಯಾಲಿಯಮ್ ಮತ್ತು ಸ್ಕ್ಯಾಂಡಿಯಮ್‌ಗಳಿಗೂ ಪ್ರದೇಶಗಳ ಹೆಸರುಗಳೇ ಇದ್ದುದರಿಂದ ಜರ್ಮೇನಿಯಮ್ ಉಳಿದುಕೊಂಡಿತು.

ಹೊಸ ಧಾತು ಆವರ್ತಕ ಕೋಷ್ಟಕದಲ್ಲಿ ಎಲ್ಲಿ ಕೂರಬೇಕೆಂಬುದು ಒಡನೆ ಸ್ಪಷ್ಟವಾಗಲಿಲ್ಲ. ಅದು ಆಂಟಿಮನಿ ಮತ್ತು ಬಿಸ್ಮತ್‌ಗಳ ನಡುವಿನ ತೆರವನ್ನು ತುಂಬುತ್ತದೆಂದು ವಿಂಕ್ಲರ್ ಎಣಿಸಿದ್ದ. ಕ್ಯಾಡ್ಮಿಯಮ್‌ನ ಕೆಳಗೆ ಬರುತ್ತದೆಂದು ಮೆಂಡಲೀವ್ ಮೊದಲು ಶಂಕಿಸಿದ. ಅದು ಸಿಲಿಕಾನ್ ಮತ್ತು ತವರಗಳ ನಡುವಣ ಖಾಲಿ ಸ್ಥಾನದ್ದೆಂದು ಲೋಥಾರ್ ಮೇಯರ್ ಮೊದಲಾದವರು ಸೂಚಿಸಿದರು. ಆ ಸ್ಥಾನದ ಅಜ್ಞಾತ ಧಾತುವಿಗೆ ಮೆಂಡಲೀವ್ 1871ರಲ್ಲೇ ಏಕಸಿಲಿಕಾನ್ ಎಂದು ಹೆಸರಿಟ್ಟು ಅದರ ಗುಣಗಳನ್ನು ವಿವರಿಸಿದ್ದ. ಇದರಲ್ಲಿನ ಏಕ ಎಂಬುದು ಸಂಸ್ಕೃತದ ಸಂಖ್ಯಾವಾಚಕ; ಸಿಲಿಕಾನ್‌ನಿಂದ ಒಂದು ಮನೆ ಮುಂದಿನದು ಎಂಬುದು ಅದರ ಭಾವ.

ವಿಂಕ್ಲರ್ ತನ್ನ ಊಹೆಗೆ ಅಂಟಿಕೊಳ್ಳದೆ ಅಳತೆಗಳಿಂದಲೇ ವಿವಾದವನ್ನು ಬಗೆಹರಿಸಿದ. ಮೆಂಡಲೀವ್ ಹೇಳಿದ್ದ ಪರಮಾಣು ತೂಕ 72. ವಿಂಕ್ಲರ್‌ಗೆ ದೊರೆತದ್ದು 72.3. ಸಾಂದ್ರತೆ 5.5 ಇರಬೇಕೆಂಬುದು ಮುನ್ಸೂಚನೆ, ದೊರೆತದ್ದು 5.47. ಆಕ್ಸೈಡಿನ ಸಾಂದ್ರತೆ 4.7 ಎಂದು ಹೇಳಿದ್ದು ಹಾಗೆಯೇ ಕಂಡಿತು. ಕ್ಲೋರೈಡ್ 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯುವ ದ್ರವವಾಗಿರಬೇಕಿತ್ತು. ಅದು 86 ಡಿಗ್ರಿಯಲ್ಲಿ ಕುದಿಯಿತು. ಮೆಂಡಲೀವ್ ಊಹಿಸಿದ್ದ ಈಥೈಲ್ ಸಂಯುಕ್ತವನ್ನೂ ವಿಂಕ್ಲರ್ 1887ರಲ್ಲಿ ತಯಾರಿಸಿದ. ಜರ್ಮೇನಿಯಮ್‌ನ ಮೊತ್ತಮೊದಲ ಸಾವಯವ ಸಂಯುಕ್ತ ಇದೇ. ಒಂದು ಅಂಶದಲ್ಲಿ ಮಾತ್ರ ಮುನ್ಸೂಚನೆ ಹೊಂದಲಿಲ್ಲ. ಏಕಸಿಲಿಕಾನ್ ಟೈಟೇನಿಯಮ್ ಖನಿಜಗಳಲ್ಲಿ ಸಿಗಬಹುದೆಂದು ಮೆಂಡಲೀವ್ ಭಾವಿಸಿದ್ದ. ಬೆಳ್ಳಿಯ ಸಲ್ಫೋಸಾಲ್ಟ್‌ನಲ್ಲಿ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಗ್ಯಾಲಿಯಮ್ (1875) ಮತ್ತು ಸ್ಕ್ಯಾಂಡಿಯಮ್‌ಗಳ (1879) ಬಳಿಕ ಮೆಂಡಲೀವನ ಮುನ್ಸೂಚನೆಗೆ ದೊರೆತ ಮೂರನೆಯ ಸಮರ್ಥನೆ ಜರ್ಮೇನಿಯಮ್. ಆವರ್ತ ನಿಯಮ ಕೇವಲ ವರ್ಗೀಕರಣದ ಅನುಕೂಲವಲ್ಲ, ನಿಸರ್ಗದ ನಿಯಮ ಎಂಬ ಅಭಿಪ್ರಾಯ ಇದರಿಂದ ಬಲಗೊಂಡಿತು.

ಖನಿಜದ ಸೂತ್ರದ ತಿದ್ದುಪಡಿ

ಆರ್ಜಿರೊಡೈಟ್‌ನ ಪರಿಚಯ ಇಲ್ಲಿಗೇ ಪೂರ್ಣವಾಗಲಿಲ್ಲ. ವಿಂಕ್ಲರ್ ತನ್ನ ವಿಶ್ಲೇಷಣೆಯ ಆಧಾರದಿಂದ ಅದರಲ್ಲಿ ಬೆಳ್ಳಿಯ ಸಲ್ಫೈಡಿನ ಮೂರು ಪಾಲಿಗೆ ಜರ್ಮೇನಿಯಮ್ ಸಲ್ಫೈಡಿನ ಒಂದು ಪಾಲಿದೆ ಎಂದು ಸೂತ್ರ ಬರೆದಿದ್ದ. 1893ರಲ್ಲಿ ಅಮೆರಿಕದ ಖನಿಜವಿಜ್ಞಾನಿ ಸ್ಯಾಮ್ಯುಯೆಲ್ ಪೆನ್‌ಫೀಲ್ಡ್ ಬೊಲಿವಿಯದಿಂದ ಬಂದ ಜರ್ಮೇನಿಯಮ್ ಖನಿಜವೊಂದನ್ನು ಪರೀಕ್ಷಿಸಿ, ಅದು ಬೇರೆಯದೆಂದು ತಿಳಿದು ಕ್ಯಾನ್‌ಫೀಲ್ಡೈಟ್ ಎಂದು ಹೆಸರಿಟ್ಟ. ಫ್ರೈಬರ್ಗ್‌ನ ಖನಿಜವನ್ನು ಮತ್ತೆ ವಿಶ್ಲೇಷಿಸಿದಾಗ ಎರಡರ ಸಂಯೋಜನೆಯೂ ಒಂದೇ ಎಂಬುದು ಕಂಡುಬಂದಿತು. ಸರಿಯಾದ ಅನುಪಾತ ನಾಲ್ಕಕ್ಕೆ ಒಂದು. ಎಂದರೆ ಎಂಟು ಬೆಳ್ಳಿ ಪರಮಾಣುಗಳಿಗೆ ಒಂದು ಜರ್ಮೇನಿಯಮ್ ಮತ್ತು ಆರು ಗಂಧಕ ಪರಮಾಣುಗಳು. ಮರುವರ್ಷ ಪೆನ್‌ಫೀಲ್ಡ್ ತಾನಿಟ್ಟ ಹೆಸರನ್ನು ಇದೇ ರಚನೆಯ, ಆದರೆ ಜರ್ಮೇನಿಯಮ್ ಬದಲು ತವರ ಪ್ರಧಾನವಾಗಿರುವ ಖನಿಜಕ್ಕೆ ವರ್ಗಾಯಿಸಿದ. ಆರ್ಜಿರೊಡೈಟ್ ಮತ್ತು ಕ್ಯಾನ್‌ಫೀಲ್ಡೈಟ್‌ಗಳನ್ನು ಕಣ್ಣಳತೆಯಿಂದ ಬೇರ್ಪಡಿಸುವುದು ಇಂದಿಗೂ ಸಾಧ್ಯವಿಲ್ಲ. ರಾಸಾಯನಿಕ ವಿಶ್ಲೇಷಣೆಯೇ ಬೇಕು.

ಇತರ ಕೊಡುಗೆಗಳು

ಅಲಿಜರಿನ್ ಮುಂತಾದ ಕೃತಕ ಬಣ್ಣಗಳ ಉದ್ಯಮಕ್ಕೆ ಹೊಗೆಯಾಡುವ ಗಂಧಕಾಮ್ಲ ಬಹಳವಾಗಿ ಬೇಕಾಗಿತ್ತು. ಗಂಧಕದ ಡೈಆಕ್ಸೈಡ್ ಮತ್ತು ಆಕ್ಸಿಜನ್‌ಗಳನ್ನು ಪ್ಲಾಟಿನಮ್ ಲೇಪಿತ ಕಲ್ನಾರಿನ ಮೇಲೆ ಹಾಯಿಸಿ ಅದನ್ನು ಪಡೆಯುವ ವಿಧಾನವನ್ನು ವಿಂಕ್ಲರ್ 1875ರಲ್ಲಿ ಪ್ರಕಟಿಸಿದ. ಎರಡು ಅನಿಲಗಳೂ ಸಂಯೋಗಕ್ಕೆ ಬೇಕಾದ ನಿಖರ ಪ್ರಮಾಣದಲ್ಲೇ ಇರಬೇಕೆಂಬ ಈತನ ಅಭಿಪ್ರಾಯ ಮುಂದೆ ತಪ್ಪೆಂದು ಸಿದ್ಧವಾಯಿತು. ಆದರೂ ಸ್ಪರ್ಶ ವಿಧಾನವೆಂದು ಹೆಸರಾದ ಕೈಗಾರಿಕಾ ಕ್ರಮಕ್ಕೆ ಇದು ಮಾರ್ಗದರ್ಶಕವಾಯಿತು.

ಕೈಗಾರಿಕೆಯ ಅನಿಲಗಳನ್ನು ಅಳೆಯಲು ವಿಂಕ್ಲರ್ ರೂಪಿಸಿದ ಉಪಕರಣಗಳಲ್ಲಿ ಅನಿಲ ಬ್ಯೂರೆಟ್ ಮುಖ್ಯವಾದದ್ದು. ಈ ವಿಷಯವನ್ನು ಕುರಿತ ಇವನ ಕೈಪಿಡಿ ಇಂಗ್ಲಿಷಿಗೂ ಅನುವಾದಗೊಂಡಿತು. ಲೋಹಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ತೂಗುವ ಕ್ರಮದಲ್ಲಿ ಪ್ಲಾಟಿನಮ್ ಬಲೆಯ ವಿದ್ಯುದ್ದ್ವಾರವನ್ನು ಬಳಕೆಗೆ ತಂದವನೂ ವಿಂಕ್ಲರ್.

ಕೊನೆಯ ವರ್ಷಗಳು

1892ರಲ್ಲಿ ವಿಂಕ್ಲರ್ ಸ್ವೀಡನ್ನಿನ ರಾಜ ವಿಜ್ಞಾನ ಅಕಾಡೆಮಿಯ ಸದಸ್ಯನಾಗಿ ಚುನಾಯಿತನಾದ. 1896ರಿಂದ 1899ರ ವರೆಗೆ ಗಣಿ ವಿದ್ಯಾಲಯದ ನಿರ್ದೇಶಕನಾಗಿದ್ದು, 1902ರಲ್ಲಿ ನಿವೃತ್ತನಾದ. 1904ರ ಅಕ್ಟೋಬರ್ 8ರಂದು ಡ್ರೆಸ್ಡೆನ್‌ನಲ್ಲಿ ತೀರಿಕೊಂಡ. ಬೆಳ್ಳಿಯ ಬೆಲೆ ಕುಸಿದು ನಷ್ಟದಲ್ಲಿದ್ದ ಫ್ರೈಬರ್ಗ್ ಪ್ರದೇಶದ ಗಣಿಗಳು 1913ರಲ್ಲಿ ಮುಚ್ಚಿದವು. ವಿಶ್ಲೇಷಣಾತ್ಮಕ ರಸಾಯನವಿಜ್ಞಾನದಲ್ಲಿ ಸಾಧನೆ ಮಾಡಿದವರಿಗೆ ಜರ್ಮನಿಯಲ್ಲಿ ವಿಂಕ್ಲರ್ ಹೆಸರಿನ ಪದಕವನ್ನು ನೀಡಲಾಗುತ್ತದೆ.

ಮಹತ್ವ

ವಿಂಕ್ಲರ್ ಬದುಕಿದ್ದ ಕಾಲದಲ್ಲಿ ಜರ್ಮೇನಿಯಮ್‌ಗೆ ಹೇಳಿಕೊಳ್ಳುವಂಥ ಉಪಯೋಗವಿರಲಿಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರ್ ತಯಾರಾದದ್ದು ಜರ್ಮೇನಿಯಮ್ ಹರಳಿನಿಂದ. ಅವಕೆಂಪು ಕಿರಣಗಳ ಮಸೂರಗಳಲ್ಲಿಯೂ ಬೆಳಕಿನ ತಂತುಗಳಲ್ಲಿಯೂ ಅದು ಇಂದು ಬಳಕೆಯಲ್ಲಿದೆ. ಈಗ ಜರ್ಮೇನಿಯಮ್ ಮುಖ್ಯವಾಗಿ ದೊರೆಯುವುದು ಸತುವಿನ ಅದಿರಿನ ಉಪೋತ್ಪನ್ನವಾಗಿ ಮತ್ತು ಕೆಲವು ಬಗೆಯ ಕಲ್ಲಿದ್ದಲಿನ ಬೂದಿಯಿಂದ. ಆರ್ಜಿರೊಡೈಟ್ ಸಂಗ್ರಹಾಲಯಗಳ ವಿರಳ ಖನಿಜವಾಗಿ ಉಳಿದಿದೆ. ಕಣ್ಣು, ಚಾಕು, ಊದುಕೊಳವೆಗಳು ಅದು ಬೆಳ್ಳಿಯ ಹೊಸ ಅದಿರೆಂದು ತಿಳಿಸಿದ್ದವು. ಮೊತ್ತ ನೂರಕ್ಕೆ ಮುಟ್ಟುವವರೆಗೆ ವಿಂಕ್ಲರ್ ವಿಶ್ಲೇಷಣೆಯನ್ನು ಕೈಬಿಡದಿದ್ದುದರಿಂದ ಅದರೊಳಗಿನ ಧಾತುವೂ ಗೊತ್ತಾಯಿತು.